ಶಿವನ ಹೆಸರು ಹೇಳಿ ಮಲಗಿದ್ದು

ಅಂಗಳದಲ್ಲಿ ಕುಳಿತು ತೊಗರಿಬೇಳೆ ಕೇರುತ್ತಿದ್ದೆ. ಮೊರ ಮೇಲೆದ್ದು ಇಳಿದಾಗಲೆಲ್ಲ ಬಲಪಕ್ಕೆಯಲ್ಲಿ ಸೂಜಿ ಚುಚ್ಚಿ ತಿರುವಿದಂತಾಗುತ್ತಿತ್ತು. ಸ್ವಲ್ಪ ಕೇರುವುದು, ಉಸಿರು ಹಿಡಿದು ಸುಮ್ಮನೆ ಕೂಡುವುದು, ಮತ್ತೆ ಕೇರುವುದು, ಹೀಗೆ ನಡೆದಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಬೀದರದಿಂದ ಮಧ್ಯಾಹ್ನದ ಗಾಡಿಗೆ ಬಂದರು. ಚಪ್ಪಲಿ ಕಳೆದು, ನನ್ನ ಪಕ್ಕದಿಂದಲೇ ದಾಟಿಹೋಗಿ, ಪಡಸಾಲೆಯಲ್ಲಿ ಕೂತಿದ್ದ ತಮ್ಮ ತಾಯಿಗೆ ಹೇಳಿದರು:

"ಅವ್ವಾ, ನೀರಿನ ತಪಾಸಣಿ ಬಂತು. ಆಕಿ ಎದಿ ಪರದ್ಯಾಗ ನೀರ ತುಂಬಿದ್ದು ಖರೇನ ಅಂತ."

"ತಗದಾರಲ್ಲ ಮೊನ್ನಿ, ಸೂಜಿ ಹಾಕಿ?"

"ತಗದ್ರೂ ಮತ್ತ ತುಂಬತದಂತ. ಮಲಗಿಸ್ರಿ, ಕೆಲಸ ಹಚ್ಚಬ್ಯಾಡ್ರಿ ಅಂದಾರ ಡಾಕ್ಟರ್ ಸಾಹೇಬ್ರು. ಇಲ್ಲಂದ್ರ ಕ್ಷಯಕ್ಕ ತಿರಗತದಂತ."

"ಎಷ್ಟ ದಿನ ಮಲಗಬೇಕಂತ?"

"ಆರ ತಿಂಗಳ."

"ಆರ ತಿಂಗಳ! ಹಡದ ಬಾಣಂತಿ ಬಿ ಅಷ್ಟ ಮಲಗಂಗಿಲ್ಲ!"

ರೋಗ ನನ್ನದು, ಸುದ್ದಿ ಅತ್ತೆಗೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಮೊರ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಡು ಎಂದು ಇಬ್ಬರಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ನಾನೂ ಇಡಲಿಲ್ಲ. ಉಳಿದ ಬೇಳೆಯನ್ನು ಕೇರಿ, ಹೊಟ್ಟು ಎಮ್ಮೆಗೆ ಹಾಕಿ, ಕೈ ತೊಳೆದು ಅವರಿಗೆ ಊಟಕ್ಕೆ ಬಡಿಸಿದೆ. ಆ ದಿನದ ಸಿಟ್ಟು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಹಾಗೇ ಇದೆ. ಎದೆಯ ನೀರು ಹೋಯಿತು, ಅದು ಹೋಗಲಿಲ್ಲ.

ಗುಣವಾಗಿ ವರ್ಷಗಳಾದವು. ಈಗ ನಮ್ಮ ಸೀಮೆಯನ್ನು ಹೈದರಾಬಾದ್ ಸಂಸ್ಥಾನ ಎಂದು ಯಾರೂ ಕರೆಯುವುದೂ ಇಲ್ಲ. ಇಷ್ಟು ದಿನ ಇಲ್ಲದ್ದು ಈಗ ಬರೆಯಲು ಕೂತದ್ದೇಕೆಂದರೆ, ಹೋದ ತಿಂಗಳು ಬೀದರದ ದವಾಖಾನೆಯಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ. ಕಮಠಾಣದವಳಂತೆ. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದು ಇನ್ನೊಂದು, ಕಣ್ಣು ಗುಳಿಬಿದ್ದಿವೆ, ಕೆಮ್ಮು ನಿಲ್ಲುತ್ತಿಲ್ಲ. ಪಕ್ಕದಲ್ಲಿ ಅವಳ ಗಂಡ ಎಲೆ ಅಡಿಕೆ ಜಗಿಯುತ್ತ ಬುದ್ಧಿ ಹೇಳುತ್ತಿದ್ದ: "ಮನಸ್ಸು ಖುಷಿ ಇಡಬೇಕ. ಮುಖ ಹಿಂಗ ಗಂಟ ಹಾಕ್ಕೊಂಡ್ರ ಬ್ಯಾನಿ ಹ್ಯಾಂಗ ಹೋಗತದ? ನಗು ಜರಾ." ಆ ಕೂಸನ್ನು ಒಂದು ಗಳಿಗೆ ತಾನು ಎತ್ತಿಕೊಳ್ಳಬೇಕು ಎಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಕೂಸನ್ನು ನಾನೇ ಇಸಿದುಕೊಂಡೆ, ಮನೆಗೆ ಬಂದು ಇದನ್ನು ಬರೆಯಲು ಹಿಡಿದೆ. ನಮ್ಮ ಕಾಲದ ಸಾಲೆಗಳೆಲ್ಲ ಉರ್ದು. ಕನ್ನಡ ಅಕ್ಷರವನ್ನು ಔರಾದದ ತವರಿನಲ್ಲಿ ನಮ್ಮ ಅಪ್ಪ ನೆಲಕ್ಕೆ ಬೂದಿ ಹರವಿ ಬೆರಳು ಹಿಡಿದು ತಿದ್ದಿಸಿದ್ದು. ತಪ್ಪು ಕಂಡರೆ ಸರಿಮಾಡಿಕೊಂಡು ಓದಿರಿ.

ನನಗೆ ಜಡ್ಡು ಬಂದದ್ದು, ದಂಡು ಬಂದು ಸಂಸ್ಥಾನ ಮುಗಿಸಿದ ಆ ಪೊಲೀಸ್ ಆಕ್ಷನ್ ಆದ ಮರುವರ್ಷ. ಅದಕ್ಕೆ ಮುಂಚಿನ ಮಳೆಗಾಲವನ್ನು ನಾವು ಸಂಸ್ಥಾನದ ಕಡೆಯ ರಜಾಕಾರರ ಅಂಜಿಕೆಯಲ್ಲಿ ಭಾಲ್ಕಿ ಬಿಟ್ಟು, ಗಡಿ ದಾಟಿ, ಸೊಲ್ಲಾಪುರದ ಕಡೆಯ ಒಂದು ಕ್ಯಾಂಪಿನಲ್ಲಿ ಕಳೆದಿದ್ದೆವು. ಕೆಳಗೆ ಹಸಿ ನೆಲ, ಮೈಮೇಲೆ ಹಸಿ ಸೀರೆ. ಕೆಮ್ಮು ಅಲ್ಲಿಂದಲೇ ಬೆನ್ನು ಹತ್ತಿತೇನೋ. ಊರಿಗೆ ತಿರುಗಿ ಬಂದರೆ ಮನೆಯ ಬಾಗಿಲು ಚೌಕಟ್ಟು ಸಮೇತ ಹೋಗಿತ್ತು. ನಮ್ಮ ಗೋಡೆಗೆ ಹತ್ತಿದ ಪಕ್ಕದ ಮನೆಯಲ್ಲಿ ಬಾಗಿಲಿತ್ತು, ಗಂಡಸರಿರಲಿಲ್ಲ. ಅಲ್ಲಿಯ ಮುಸಲ್ಮಾನರ ಖಾಲಾ, ಚಿಕ್ಕಮ್ಮ ಅನ್ನುವಂತೆ ನಾವೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದೆವು, ಒಬ್ಬಳೇ ಉಳಿದಿದ್ದಳು. ಆಕ್ಷನ್ ಆದ ಮೇಲಿನ ದಿನಗಳಲ್ಲಿ ಆಕೆಯ ಗಂಡನನ್ನೂ ಮಗನನ್ನೂ ಯಾರೋ ಕರೆದುಕೊಂಡು ಹೋದರು. ತಿರುಗಿ ಬರಲಿಲ್ಲ.

ಹೀಗೆ ಎರಡೂ ಕಡೆ ಮನೆಗಳು ಉರಿದು ಕೂತ ಊರಿನಲ್ಲಿ ಒಬ್ಬ ಸೊಸೆಯ ಪಕ್ಕೆ ನೋವಿಗೆ ಏನು ಬೆಲೆ? "ಮಂದಿ ಜೀವ ಹೋಗ್ಯಾವ, ನಿಂದೇನ ಪಕ್ಕಿ ಹಿಡದಿದ್ದು ದೊಡ್ಡದು," ಅನ್ನುತ್ತಿದ್ದರು ಅತ್ತೆ. ನಾನೂ ನಂಬಿದೆ. ಓಂಕಾಳು ಕಾಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಳ್ಳುತ್ತ, ಸಂಜೆ ಬರುವ ಜ್ವರವನ್ನು ಒಲೆಯ ಕಾವು ಎಂದುಕೊಳ್ಳುತ್ತ ದಿನ ನೂಕಿದೆ. ಕಡೆಗೊಂದು ದಿನ ಬಾವಿಯ ಕಟ್ಟೆಯ ಮೇಲೆ ತುಂಬಿದ ಕೊಡದ ಸಮೇತ ಕುಸಿದುಬಿದ್ದೆ. ಕೊಡಕ್ಕೆ ತಗ್ಗು ಬಿತ್ತು. ಅತ್ತೆ ಮೊದಲು ನೋಡಿದ್ದು ಕೊಡವನ್ನೇ. ಅದಾದ ಮೇಲೆ ನನ್ನನ್ನು ಬೀದರಕ್ಕೆ ಕರೆದುಕೊಂಡು ಹೋದರು.

ದವಾಖಾನೆಯ ಕಟ್ಟೆಯಲ್ಲಿ ಹೆಂಗಸರ ಕಡೆಗೆ ಗೋಣಿತಾಟು ಇಳಿಬಿಟ್ಟಿದ್ದರು. ಬೆಂಚಿನ ಮೇಲೆ ಜಾಗವಿಲ್ಲ. ಮೂಲೆಯಲ್ಲಿ ಒಬ್ಬ ಹೆಂಗಸು ಕರಿ ಕಂಬಳಿ ಹಾಸಿ, ಕಾಲು ಚಾಚಿ, ಅಂಗಾತ ಮಲಗಿದ್ದಳು. ಜನವಾಡದ ಕಡೆಯವಳು, ಕುರಿ ಕಾಯುವ ಮನೆತನದವಳು. ನಿಂತೇ ಇದ್ದ ನನ್ನನ್ನು ನೋಡಿ ಅತ್ತ ಸರಿದು ಕಂಬಳಿಯ ಅರ್ಧ ಬಿಟ್ಟುಕೊಟ್ಟಳು.

"ಬಾ ತಂಗಿ, ಅಡ್ಡಾಗು. ಏನಾಗ್ಯಾದ ನಿಂಗ?"

"ಪಕ್ಕಿ ನೋವ್ರಿ, ಜ್ವರ. ನಿಮಗ್ರಿ?"

"ನಂಗೇನೂ ಆಗಿಲ್ಲ," ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಡ ಹಿಡದದ ಅಂತ ಹೇಳಿ ಬರ್ತೇನಿ. ಪಾಳಿ ಬರೋತನ ಮಲಗ್ತೇನಿ. ಮನ್ಯಾಗ ಯಾವ ಭಾಡ್ಯಾ ಮಲಗ್ಲಾಕ ಬಿಡ್ತಾನ?"

"ಡಾಕ್ಟರ್ ಬೈಯಂಗಿಲ್ಲೇನ್ರಿ?"

"ಅವಗ ಗೊತ್ತದ ಬಿಡು. ಬಿಳಿ ಗುಳಿಗಿ ಕೊಡ್ತಾನ. ಒಯ್ದು ಕುರಿಗಿ ಹಾಕ್ತೇನಿ. ಕುರಿ ಭಾಳ ಚಲೋ ಅದಾವ."

ನಾನು ಎಷ್ಟೋ ತಿಂಗಳ ಮೇಲೆ ನಕ್ಕೆ, ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡೆ. ಮದುವೆಯಾಗಿ ಬಂದ ಮೇಲೆ ಹಾಡುಹಗಲು ಮಂದಿಯ ಮುಂದೆ ನೆಲಕ್ಕೆ ಬೆನ್ನು ಹಚ್ಚಿದ್ದು ಅದೇ ಮೊದಲು. ಕಂಬಳಿಗೆ ಕುರಿಯ ವಾಸನೆ. ಹಾಗೇ ನಿದ್ದೆ ಬಂತು. "ಏಳ ತಂಗಿ, ನಿನ್ನ ಪಾಳಿ ಬಂತು," ಎಂದು ಆಕೆಯೇ ಎಬ್ಬಿಸಿದಳು. ಹೆಸರು ಕೇಳಲಿಲ್ಲ. ಶಿವ ನನಗೆ ಮಾಡಿದ ಉಪಕಾರಗಳನ್ನು ಎಣಿಸಲು ಕೂತಾಗ ಮೊದಲ ಬೆರಳು ಆಕೆಗೆ ಮಡಚುತ್ತೇನೆ.

ಡಾಕ್ಟರ್ ಸಾಹೇಬರು ವಯಸ್ಸಾದವರು. ಅವರ ಅಣ್ಣತಮ್ಮಂದಿರೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಾಕಿಸ್ತಾನಕ್ಕೆ ಹೋಗಿದ್ದರು, ಇವರೊಬ್ಬರು ಉಳಿದಿದ್ದರು. ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂಡಿಸಿ ಬೆನ್ನಿಗೆ ಸೂಜಿ ಹಾಕಿದರು. ಜೋಳದ ಕಡ್ಡಿಯ ಬಣ್ಣದ ನೀರು ಗಾಜಿನ ಪಾತ್ರೆಗೆ ಇಳಿಯುವುದನ್ನು ಓರೆಗಣ್ಣಿನಿಂದ ನೋಡಿದೆ. ನನ್ನೊಳಗೆ ಅಷ್ಟು ನೀರಿತ್ತೇ! ಸೂಜಿಗೆ ಮುಂಚೆ ನರ್ಸಬಾಯಿ ನನ್ನ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಗೆ ಕೈಹಾಕಿ ತೆಗೆ ಅಂದಳು. ನಾನು ಮುಷ್ಟಿ ಬಿಗಿ ಮಾಡಿದೆ. ಸಾಹೇಬರು ತಲೆ ಎತ್ತದೆ, "ರಹನೇ ದೋ, ಇರ್ಲಿ ಬಿಡು. ಅದು ಅವರು ತಗಿಯಂಗಿಲ್ಲ," ಎಂದರು. ಎರಡನೆಯ ಬೆರಳು.

"ಬೇಟಿ, ಇದಕ್ಕ ದವಾ ಅಂದ್ರ ಮಲಗೋದು," ಎಂದರು ಎಲ್ಲ ಆದ ಮೇಲೆ. "ಊಟ ಆದ ಮ್ಯಾಲ ದಿನಾ ಎರಡು ತಾಸು, ಪೂರಾ. ಮಾತು ಬ್ಯಾಡ, ಕೆಲಸ ಬ್ಯಾಡ. ಕೆಮ್ಮುವಾಗ ಬಾಯಿಗಿ ಬಟ್ಟಿ ಹಿಡಿ. ತಾಟು, ತಂಬಿಗಿ ಬ್ಯಾರೆ ಇಡು. ಪೋರಗೋಳನ್ನ ತೊಡಿ ಮ್ಯಾಲ ಹಾಕ್ಕೋಬ್ಯಾಡ, ನಾ ಹೇಳೋತನ. ಔರ್ ದಿಲ್ ಖುಷ್ ಇಡು." ಹೀಗೆಂದು ತಾವೇ ನಕ್ಕುಬಿಟ್ಟರು. "ನಂಗ ನಾ ಬಿ ದಿನಾ ಮುಂಜಾನಿ ಹೇಳ್ಕೋತೇನಿ ಅದನ್ನ. ಆಗಂಗಿಲ್ಲ. ನೀ ಮಲಗೋದಾದ್ರೂ ಮಾಡು."

ಖುಷಿಯಾಗಿರು ಎಂದವರ ಮೇಲೆ ನನಗೆ ಸಿಟ್ಟು ಬರದೆ ಹೋದದ್ದು ಆ ಒಂದು ಸಲ ಮಾತ್ರ.

ವರದಿ ಬಂದ ಮೇಲೆ ಮನೆಯಲ್ಲಿ ನನ್ನ ನಿದ್ದೆಯ ಚೌಕಾಶಿ ಶುರುವಾಯಿತು. ಆರು ತಿಂಗಳ ಮಾತನ್ನು ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ದಿನಕ್ಕೆ ಎರಡು ತಾಸು ಎಂದದ್ದು ಒಂದು ಗಳಿಗೆಗೆ ಇಳಿಯಿತು. ಆ ಒಂದು ಗಳಿಗೆಯಾದರೂ ನನ್ನದಾಗಿತ್ತೇ?

"ಏ, ಬೇಳಿ ಉಕ್ಕತದ ನೋಡು!"

"ಏ, ಕರು ಬಿಚ್ಚಿಕೊಂಡದ!"

"ಮಲಗಿದ್ದಿ ಏನು? ಮಲಕೊ, ಮಲಕೊ. ಎಬ್ಬಸಂಗಿಲ್ಲ. ಉಪ್ಪಿನ ಗಡಿಗಿ ಎಲ್ಲಿಟ್ಟಿ ಅಷ್ಟ ಹೇಳು."

ಮನೆಯಲ್ಲಿ ಕೈಕಾಲಿದ್ದವರು ಬೇರೆ ಯಾರೂ ಇರಲಿಲ್ಲ ಅಂತಲ್ಲ. ನಾದಿನಿ ಇದ್ದಳು, ಆದರೆ ಅವಳು ಮದುವೆಗೆ ಬಂದ ಹುಡುಗಿ, ಬಿಸಿಲಿಗೆ ಕಪ್ಪಾಗಬಾರದು. ಅವಳ ಸಲುವಾಗಿಯೇ ನನ್ನ ರೋಗದ ಹೆಸರು ಹೊಸ್ತಿಲು ದಾಟಬಾರದೆಂದು ಅತ್ತೆ ಆಣೆ ಹಾಕಿಸಿದ್ದರು. ಕ್ಷಯದ ವಾಸನೆ ಬಡಿದರೆ ಆ ಮನೆಯ ಹುಡುಗಿಯನ್ನು ಯಾರು ಒಯ್ಯುತ್ತಾರೆ? ಕೇಳಿದವರಿಗೆಲ್ಲ "ಕ್ಯಾಂಪಿನ್ಯಾಗ ಸೊರಗ್ಯಾಳ" ಎಂಬ ಉತ್ತರ.

ಯಜಮಾನರು ಕೆಟ್ಟವರಲ್ಲ. ಅಡತಿ ಅಂಗಡಿಯಿಂದ ಬಂದವರು ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದರು: "ಮನಸ್ಸ ಹೂವಿನಂಗ ಇಡಬೇಕ ನೋಡು. ಚಿಂತಿ ಮಾಡಬಾರ್ದು. ನಗ್ತಾ ಇರಬೇಕ."

ಒಂದು ದಿನ ತಡೆಯಲಿಲ್ಲ. "ಯಾವಾಗ ನಗ್ಲಿ ಹೇಳ್ರಿ," ಅಂದೆ. "ರೊಟ್ಟಿ ಬಡಿಯೋ ಮುಂದ ನಗ್ಲೋ, ಬಡದ ಮ್ಯಾಲ ನಗ್ಲೋ? ಸೆಗಣಿ ಬಳಿಯೋವಾಗ ಹೂವಿನಂಗ ಇರ್ಲೋ, ಬಾವಿ ಕಡಿ ಹೋಗೋವಾಗ ಇರ್ಲೋ? ನಗಲಾಕ ಬಿ ಉಸರ ಬೇಕಲ್ರಿ."

"ನಾ ಏನ ಅಂದೆ ಈಗ?" ಎಂದು ಅವರು ಪೆಚ್ಚಾಗಿ ಊಟಕ್ಕೆ ಕೂತರು. ಬಡಿಸಿದವಳು ನಾನೇ.

ಮಗಳು ಮಹಾದೇವಿ ಆಗಿನ್ನೂ ಹಾಲುಹಲ್ಲಿನ ಕೂಸು. ತೊಡೆಯ ಮೇಲೆ ಕೂಡಿಸಿಕೊಳ್ಳುವಂತಿಲ್ಲ. ಬಂದು ಬಿದ್ದರೆ ಕೈ ಅಡ್ಡ ಹಿಡಿದು ದೂರ ಸರಿಸುತ್ತಿದ್ದೆ. "ಅವ್ವಗ ನಾ ಬ್ಯಾಡಾಗೇನಿ," ಎಂದು ಅಜ್ಜಿಗೆ ಹೇಳುತ್ತಿದ್ದಳು. ನಾನು ಗುಣವಾಗದಿದ್ದರೆ ಈ ಮಗುವಿನ ನೆನಪಿನಲ್ಲಿ ಉಳಿಯುವುದು ಆ ಅಡ್ಡ ಹಿಡಿದ ಕೈ ಒಂದೇ. ನನಗೆ ಬದುಕಬೇಕಾಗಿತ್ತು. ಅದಕ್ಕೆ ಬೇಕಾದದ್ದು ಗುಳಿಗೆಯಲ್ಲ, ದುಡ್ಡಲ್ಲ, ದಿನಕ್ಕೆ ಎರಡು ತಾಸು. ಅದನ್ನು ನನ್ನ ಮನೆಯೊಳಗೆ ನಾನು ಎಲ್ಲಿಂದ ತರಲಿ?

ದಾರಿ ತಾನಾಗಿಯೇ ಸಿಕ್ಕಿತು. ಮತ್ತೊಮ್ಮೆ ನೀರು ತೆಗೆಸಲು ಬೀದರಕ್ಕೆ ಹೋದ ದಿನ ಮುಂಜಾನೆ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಲಿಂಗಪೂಜೆ ತಪ್ಪಿತ್ತು. ತಿರುಗಿ ಬಂದು, ಮೈತೊಳೆದು, ವಿಭೂತಿ ಧರಿಸಿ, ಮಧ್ಯಾಹ್ನ ಪೂಜೆಗೆ ಕೂತೆ. ನಮ್ಮಲ್ಲಿ ಶಿವ ಗುಡಿಯಲ್ಲಿ ಇರುವವನಲ್ಲ, ಎದೆಯ ಮೇಲೆ ಇರುವವನು. ಪೂಜೆಗೆ ಕೂತಾಗ ಎಡಗೈಯ ಅಂಗೈಗೆ ಬರುತ್ತಾನೆ. ಅಂಗೈಯಲ್ಲಿ ಲಿಂಗವಿದ್ದವರನ್ನು ಯಾರೂ ಕರೆಯುವಂತಿಲ್ಲ, ಮಾತಾಡಿಸುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಬಾಗಿಲ ಹೊರಗೆ ನಿಂತು ಕೆಮ್ಮಬೇಕು ಅನ್ನುವಷ್ಟು ಕಟ್ಟುನಿಟ್ಟು ನಮ್ಮ ಅತ್ತೆಯದು. ಪೂಜೆ ಮುಗಿದು ಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಗೆ ಇಳಿಬಿಟ್ಟೆ. ಏಳಲು ಆಗಲಿಲ್ಲ, ಅಲ್ಲೇ ಚಾಪೆಯ ಮೇಲೆ ಒರಗಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಆಚೆ ಹೋಗಿತ್ತು. ಯಾರೂ ಕರೆದಿರಲಿಲ್ಲ! ಹೊರಗೆ ಅತ್ತೆ ಮಹಾದೇವಿಗೆ ಪಿಸುಗುಟ್ಟುತ್ತಿದ್ದರು: "ಹುಶ್! ನಿಮ್ಮವ್ವ ಶಿವಪೂಜಿಗಿ ಕುಂತಾಳ."

ಮರುದಿನದಿಂದ ಮಧ್ಯಾಹ್ನದ ಪೂಜೆಯೂ ಹಿಡಿದೆ. ಒಂದು ಗಳಿಗೆ ಕೂತು ಪೂಜೆ, ಆಮೇಲೆ ಬಾಗಿಲು ಹಾಕಿಕೊಂಡು ನಿದ್ದೆ. ಇದರಲ್ಲಿ ಪಾಪ ಕಂಡವರು ಕಾಣಲಿ. ನೋಯುವ ಪಕ್ಕೆಯ ಮೇಲೆ ಶಿವ ಮಲಗಿದ್ದ, ಅವನ ಕೆಳಗೆ ನಾನು ಮಲಗಿದ್ದೆ. ನಿದ್ದೆ ಹತ್ತುವ ಮುಂಚೆ ಹೇಳುತ್ತಿದ್ದೆ: ತಂದೆ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಹೆಸರು ಹೇಳದೆ ನನಗೊಂದು ಗಳಿಗೆ ಕೊಡದವರ ಮೇಲೆ ಸಿಟ್ಟು. ಕೊಟ್ಟಿದ್ದರೆ ನಿನ್ನನ್ನು ಬಾಗಿಲು ಕಾಯಲು ಹಚ್ಚುತ್ತಿರಲಿಲ್ಲ.

ಜ್ವರ ಇಳಿಯತೊಡಗಿತು. ಬೇಸಿಗೆ ಕಳೆಯುವಷ್ಟರಲ್ಲಿ ಗುಣವಾಗಿಯೂ ಬಿಡುತ್ತಿದ್ದೆನೇನೋ. ಆದರೆ ನಮ್ಮ ಮಂದಿ ಒಬ್ಬ ಹೆಂಗಸನ್ನು ಸುಮ್ಮನೆ ಬಿಡಬೇಕಲ್ಲ?

ಬಂದು ಹೋಗುವ ಓಣಿಯ ಹೆಂಗಸರು ನನ್ನನ್ನು ನೋಡಿದರು. ಮೈ ಸಣ್ಣಾಗಿದೆ, ಊಟ ತುತ್ತು ಎರಡು ತುತ್ತು, ತಾಟು ತಂಬಿಗೆ ಬೇರೆ, ಮಾತಿಲ್ಲ, ಮಗಳನ್ನೂ ಮುಟ್ಟುವುದಿಲ್ಲ, ಸಂಜೆಯಾದರೆ ಕೆನ್ನೆ ಕೆಂಪಗೆ ಹೊಳೆಯುತ್ತವೆ, ಮಧ್ಯಾಹ್ನ ತಾಸುಗಟ್ಟಲೆ ಬಾಗಿಲು ಹಾಕಿಕೊಂಡು ಪೂಜೆ. ಡಾಕ್ಟರ್ ಸಾಹೇಬರು ಯಾವುದನ್ನು ರೋಗದ ಗುರುತು ಎಂದರೋ ಅದನ್ನೆಲ್ಲ ಓಣಿ ಶಿವ ಒಲಿದ ಗುರುತು ಎಂದು ಓದಿಕೊಂಡಿತು.

"ನಿಮ್ಮ ಸೊಸಿ ಮಾರಿ ಮ್ಯಾಲ ಎಂಥಾ ಕಳಿ ಬಂದದ್ರಿ! ಸಂಸಾರದ ಆಸಿ ಬಿಟ್ಟಾರ ಕಾಣ್ತದ."

ಅತ್ತೆ ಅಲ್ಲ ಅನ್ನಲಿಲ್ಲ. ಅದೇ ನನ್ನನ್ನು ಉರಿಸುವುದು. ಅವರಿಗೆ ನಿಜ ಗೊತ್ತಿತ್ತು. ಆದರೆ ರೋಗವನ್ನು ಮುಚ್ಚಲು ಇದಕ್ಕಿಂತ ಚಂದದ ಹೊದಿಕೆ ಸಿಗುತ್ತಿತ್ತೇ? "ಏನ ಹೇಳ್ಲೆವ್ವ, ಶಿವನ ಇಚ್ಛಾ," ಎಂದು ಕಣ್ಣು ಮುಚ್ಚಿ ಕೈ ಮುಗಿದರು. ಹೇಳುತ್ತ ಹೇಳುತ್ತ ತಾವೂ ಅರ್ಧ ನಂಬಿಬಿಟ್ಟರು. ನನ್ನನ್ನು 'ಏ' ಎಂದು ಕರೆಯುವುದನ್ನು ಬಿಟ್ಟು 'ಅವ್ವಾ' ಅನ್ನತೊಡಗಿದರು, ಮಂದಿಯ ಮುಂದೆ.

ಅಲ್ಲಿಗೆ ನನ್ನ ನಿದ್ದೆ ಹೋಯಿತು. ಮಧ್ಯಾಹ್ನವಾದರೆ ಪಡಸಾಲೆಯ ತುಂಬ ಹೆಂಗಸರು. ಬಾಗಿಲ ಹೊರಗೆ ತಾಳ ಹಿಡಿದು ಭಜನೆ. ಒಳಗೆ ನಾನು ಮಲಗುವುದು ಹೇಗೆ? ಬಾಗಿಲು ತೆಗೆದ ಕೂಡಲೆ ಕಾಲಿಗೆ ಬೀಳುವುದು, ವಿಭೂತಿ ಹಚ್ಚಿರಿ ಎಂದು ಹಣೆ ಒಡ್ಡುವುದು. ಬಂದವರಿಗೆಲ್ಲ ಚಹಾ ಆಗಬೇಕು. ಮಾಡುವವಳು ಯಾರು? ಶಿವ ಒಲಿದವಳೇ! ಜ್ವರ ತಿರುಗಿ ಬಂತು. ಯಜಮಾನರಿಗೆ ಹೇಳಿದರೆ, "ಮಂದಿ ಪ್ರೀತಿಲೆ ಬರ್ತಾರ, ನಿನ್ನ ಮನಸ್ಸಿಗಿ ಬಿ ಬ್ಯಾಸರ ಕಳೀತದ," ಎಂದರು.

ಮೊದಲ ಮಳೆ ಬಿದ್ದ ವಾರ. ಗಾಣದ ಮನೆಯ ಸೊಸೆ ಕೂಸನ್ನು ಎತ್ತಿಕೊಂಡು ಬಂದಳು. ಹುಟ್ಟಿ ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ರಾತ್ರಿಯೆಲ್ಲ ಅಳುತ್ತದೆ, ದೃಷ್ಟಿಯಾಗಿದೆ ಎಂದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿಬಿಟ್ಟಳು.

"ಶಿವನ ಹೆಸರ ಹೇಳಿ ಇದರ ಮಾರಿ ಮ್ಯಾಲ ಮೂರ ಸಲ ಊದ್ರಿ ಎವ್ವಾ. ನಿಮ್ಮ ಉಸರ ತಾಕಿದ್ರ ಸಾಕು."

ನನ್ನ ಉಸಿರು! ನನ್ನ ಹೊಟ್ಟೆಯ ಮಗಳನ್ನು ಎಷ್ಟು ತಿಂಗಳಿಂದ ಕೈ ಅಡ್ಡ ಹಿಡಿದು ಆ ಉಸಿರಿನಿಂದ ದೂರ ಇಟ್ಟಿದ್ದೆ. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಗಂಟಲಲ್ಲಿ ಕೆಮ್ಮು ಬಂದು ನಿಂತಿತ್ತು. ಅತ್ತೆಯ ಕಡೆ ನೋಡಿದೆ, ನೀವಾದರೂ ಎತ್ತಿಕೊಳ್ಳಿ ಎಂಬಂತೆ. ಅವರು ನೆಲ ನೋಡುತ್ತ ಸಣ್ಣಗೆ, "ಊದು, ಏನಾಗತದ," ಎಂದರು.

ಉಸಿರು ಬಿಗಿಹಿಡಿದು, ಮುಖ ತಿರುಗಿಸಿ, ಕೂಸನ್ನು ಎತ್ತಿ ಅದರ ತಾಯಿಯ ಮಡಿಲಿಗೆ ಹಾಕಿದೆ. ಗೋಡೆಗೆ ಮುಖ ಮಾಡಿ ಕೆಮ್ಮಿದೆ, ಸೆರಗು ತುಂಬ ಕೆಮ್ಮಿದೆ. ಆಮೇಲೆ ತಿರುಗಿದೆ.

"ಕೂಸಿನ ಕರಕೊಂಡು ಮನಿಗಿ ನಡಿ! ನಂಗ ಯಾವ ಶಿವನೂ ಒಲದಿಲ್ಲ. ಎದಿ ಬ್ಯಾನಿ ಅದಾ ನಂಗ. ಎದ್ಯಾಗ ನೀರ ತುಂಬ್ಯಾದ. ಬೀದರದಾಗ ಸೂಜಿ ಹಾಕಿ ತಗಸೀನಿ. ಬಾಗಿಲ ಹಾಕ್ಕೊಂಡು ನಾ ಮಲಗ್ತೇನಿ, ಮಲಗ್ತೇನಿ! ಪೂಜಿ ಅಲ್ಲ, ನಿದ್ದಿ! ಡಾಕ್ಟರ್ ಮಲಗು ಅಂದಾನ, ಈ ಮನ್ಯಾಗ ಯಾರೂ ಮಲಗ್ಲಾಕ ಬಿಡಂಗಿಲ್ಲ. ಹೋಗ್ರಿ ಎಲ್ಲಾರೂ! ನನ್ನ ಕಾಲಿಗಿ ಬೀಳೋದ್ರ ಬದ್ಲಿ ನನ್ನ ಭಾಂಡಿ ತಿಕ್ಕಿದ್ರ ನಾ ಯಾವಾಗೋ ಚಲೋ ಆಗ್ತಿದ್ದೆ!"

ತಾಳ ನಿಂತಿತು. ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ಎದ್ದರು. ಗಾಣದ ಮನೆಯ ಸೊಸೆ ಕೂಸಿನ ಮುಖ ಒರೆಸುತ್ತ ಓಡಿದಳು. ಅವಳು ಇವತ್ತಿಗೂ ನನ್ನ ಸಂಗಡ ಮಾತಾಡುವುದಿಲ್ಲ. ಆ ಕೂಸು ಈಗ ದೊಡ್ಡದಾಗಿ ಸಾಲೆಗೆ ಹೋಗುತ್ತದೆ, ನಮ್ಮ ಮನೆಯ ಮುಂದಿನಿಂದಲೇ. ಅದನ್ನು ನೋಡಿದಾಗಲೆಲ್ಲ ಒಂದು ಬೆರಳು ಮಡಚುತ್ತೇನೆ.

"ಮನಿ ಮಾನ ಓಣ್ಯಾಗ ಚೆಲ್ಲಿದಿ," ಎಂದರು ಅತ್ತೆ. "ನಾಳಿ ಈ ಹುಡುಗಿನ್ನ ಯಾರ ತಗೋತಾರ?"

"ಆ ಕೂಸ ಸತ್ರ ಯಾರ ತಂದಕೊಡ್ತಿದ್ರಿ ಅತ್ತಿ?" ಅಂದೆ. ಮದುವೆಯಾಗಿ ಬಂದ ಮೇಲೆ ನಾನು ಅತ್ತೆಗೆ ಎದುರು ಆಡಿದ ಮಾತು ಅದೇ ಮೊದಲನೆಯದು.

ಸುದ್ದಿ ಹಬ್ಬಿತು. ನೆರೆಯವರು ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ನಿನ್ನೆ ನನ್ನ ಕಾಲು ಮುಟ್ಟಿದವರು ಇವತ್ತು ನೆರಳು ತಪ್ಪಿಸಿ ನಡೆದರು. ಮರುದಿನ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಖಾಲಾ ಬಂದು ನಿಂತಳು. ಗಂಡ, ಮಗ ಹೋದ ಮೇಲೆ ಆಕೆ ಮನೆ ಬಿಟ್ಟು ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ.

"ಒಳಗ ಬರಬ್ಯಾಡ ಖಾಲಾ. ಎದಿ ಬ್ಯಾನಿ."

"ಕೇಳೀನಿ ಬೇಟಾ. ನಂಗೀಗ ಯಾವ ಬ್ಯಾನಿ ಏನ ಮಾಡತದ?" ಎಂದು ಹೊಸ್ತಿಲಲ್ಲೇ ಕೂತಳು. "ನೀ ಮಲಕೊ. ಯಾರ ಕರದ್ರ ನಾ ಹೇಳ್ತೇನಿ." ಮಹಾದೇವಿಯನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚತೊಡಗಿದಳು. ಅತ್ತೆ ಒಂದು ಸಲ ಬಾಗಿಲ ತನಕ ಬಂದು, ಆಕೆಯನ್ನು ನೋಡಿ ತಿರುಗಿ ಹೋದರು. ಆ ದಿನ ನಾನು ಯಾವ ದೇವರ ಹೆಸರೂ ಹೇಳದೆ ಮಲಗಿದೆ.

ವಾರದೊಳಗೆ ನಮ್ಮ ಅಣ್ಣ ಬಂಡಿಗೆ ಹುಲ್ಲು ಹಾಸಿಕೊಂಡು ಬಂದು ನನ್ನನ್ನೂ ಮಗಳನ್ನೂ ಔರಾದಕ್ಕೆ ಕರೆದೊಯ್ದ. ಕಳಿಸಿದ್ದು ನನ್ನ ಸುಖಕ್ಕಲ್ಲ, ಓಣಿಯ ಬಾಯಿ ಮುಚ್ಚಿಸಲು. ಅದು ನನಗೆ ಗೊತ್ತಿತ್ತು. ಆದರೂ ಬಂಡಿಯಲ್ಲಿ ಮಲಗಿ ಆಕಾಶ ನೋಡುತ್ತ ಹೋದದ್ದನ್ನು ಉಪಕಾರವೆಂದೇ ಎಣಿಸಿದೆ.

ಔರಾದದಲ್ಲಿ ನಮ್ಮ ಅವ್ವ ನನ್ನನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಹಾಲು, ತತ್ರಾಣಿಯ ತಣ್ಣೀರು, ಮಧ್ಯಾಹ್ನದ ನಿದ್ದೆ ಎಲ್ಲ ಕೈಗೆ ಬರುತ್ತಿದ್ದವು. ತರುವವಳು ಅಣ್ಣನ ಹೆಂಡತಿ. ನಾವು ವೈನಿ ಅನ್ನುತ್ತೇವೆ. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಅರೆಗಣ್ಣು ಹತ್ತಿದಾಗ ಹೊರಗಿನಿಂದ ಅವ್ವನ ದನಿ ಕೇಳಿತು: "ಏ, ಬೇಳಿ ಉಕ್ಕತದ ನೋಡು! ಏ, ಎಲ್ಲಿ ಸತ್ತಿ?" ಗಡಬಡಿಸಿ ಎದ್ದು ಕೂತೆ. ಕರೆದದ್ದು ನನ್ನನ್ನಲ್ಲ, ವೈನಿಯನ್ನು. ಅದೇ ಮಾತು, ಅದೇ ರಾಗ. ನಮ್ಮ ಅವ್ವ, ಲೋಕದ ಒಳ್ಳೆಯ ಅವ್ವ, ಇನ್ನೊಬ್ಬಳಿಗೆ ಅತ್ತೆ.

ವೈನಿ ಒಳಗೆ ಬಂದಾಗ ಆಕೆಯ ಕಣ್ಣಿನ ಕೆಳಗೂ ಕಪ್ಪು ಕಂಡಿತು.

"ವೈನಿ, ಬಾಗಿಲ ಹಾಕು. ನನ್ನ ಹಾಸಿಗಿಂದ ಜರಾ ದೂರ, ಅಲ್ಲಿ ಚಾಪಿ ಹಾಸ್ಕೊಂಡ ಮಲಕೊ."

"ಅತ್ತಿ ಕರದ್ರ?"

"ನಾ ಹೇಳ್ತೇನಿ, ವೈನಿ ನನ್ನ ಕಾಲ ಒತ್ತಲಾಕತ್ತಾಳ ಅಂತ. ಮಗಳ ಕಾಲು ಅಂದ್ರ ಸುಮ್ಮ ಆಗ್ತಾಳ."

ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆ ಮಳೆಗಾಲ, ಆ ಚಳಿಗಾಲ, ದಿನಾ ಮಧ್ಯಾಹ್ನ ಆ ಕೋಣೆಯಲ್ಲಿ ಇಬ್ಬರು ಹೆಂಗಸರು ಮಲಗಿದೆವು. ಒಬ್ಬಳು ರೋಗಿ, ಒಬ್ಬಳು ಏನೂ ಆಗದವಳು. ಆಕೆಯೇ ಹೆಚ್ಚು ಗೊರಕೆ ಹೊಡೆಯುತ್ತಿದ್ದಳು.

ಹೊಸ ತೊಗರಿ ಬರುವ ಹೊತ್ತಿಗೆ ಬೀದರಕ್ಕೆ ಹೋದೆ. ಸಾಹೇಬರು ಬೆನ್ನಿನ ಮೇಲೆ ಬೆರಳಿಟ್ಟು ಬಾರಿಸಿ ನೋಡಿದರು. ಮೊದಲು ತುಂಬಿದ ಕೊಡದಂತೆ ದಪ್ ದಪ್ ಅನ್ನುತ್ತಿದ್ದದ್ದು ಈಗ ಬರಿದಾದ ಕೊಡದಂತೆ ಸದ್ದು ಮಾಡಿತು. ನನಗೂ ಕೇಳಿಸಿತು.

"ನೀರು ಹೋಗ್ಯದ ಬೇಟಿ. ಪೋರಿನ್ನ ತೊಡಿ ಮ್ಯಾಲ ಹಾಕ್ಕೋ ಇನ್ನ. ದಿಲ್ ಖುಷ್ ಅದೇನು?"

"ಇಲ್ರಿ ಸಾಹೇಬ್ರ. ಸಿಟ್ಟ ಅದಾ."

ಅವರು ನಕ್ಕರು. "ಇರ್ಲಿ. ಸಿಟ್ಟು ಬಿ ಬದುಕಿದ್ದವರಿಗೇ ಬರೋದು. ಮಲಗೋದು ಮಾತ್ರ ಬಿಡಬ್ಯಾಡ, ಇನ್ನೂ ಒಂದು ವರ್ಷ."

ಹೊರಗೆ ಕಟ್ಟೆಯ ಮೇಲೆಯೇ ಮಹಾದೇವಿಯನ್ನು ತೊಡೆಗೆ ಎಳೆದುಕೊಂಡೆ. ಉದ್ದವಾಗಿದ್ದಳು, ಕಾಲು ನೆಲಕ್ಕೆ ತಾಕುತ್ತಿದ್ದವು. ಮೊದಲು ಮೈ ಬಿಗಿಹಿಡಿದು ಕೂತಳು. ಆಮೇಲೆ ಸಡಿಲಾದಳು. ಗೋಣಿತಾಟಿನ ಹಿಂದೆ ಮೂಲೆಯನ್ನು ಹಣಿಕಿ ನೋಡಿದೆ. ಕರಿ ಕಂಬಳಿ ಇರಲಿಲ್ಲ.

ಭಾಲ್ಕಿಗೆ ಬಂದ ಮರುದಿನ ಅಂಗಳದಲ್ಲಿ ತೊಗರಿಬೇಳೆಯ ರಾಶಿ ನನಗಾಗಿ ಕಾದು ಕೂತಿತ್ತು. ನಾದಿನಿಯ ಮದುವೆ ಗೊತ್ತಾಗಿತ್ತು, ನನ್ನ ರೋಗ ಅದನ್ನು ತಡೆದಿರಲಿಲ್ಲ. ಮುಂಜಾನೆಯಿಂದ ಕೇರಿದೆ. ಊಟವಾಯಿತು. ಪೂಜೆಯ ಕೋಣೆಗೆ ಹೋಗಲಿಲ್ಲ. ಪಡಸಾಲೆಯ ನಡುವೆ, ಎಲ್ಲರಿಗೂ ಕಾಣುವಂತೆ, ಚಾಪೆ ಹಾಸಿದೆ. ಬಾಗಿಲು ತೆರೆದೇ ಇತ್ತು. ಮಲಗಿದೆ.

"ಏ, ಬೇಳಿ ಅಂಗಳದಾಗ ಬಿದ್ದದ!" ಅತ್ತೆಯ ದನಿ.

ಚಾಪೆಯ ಮೇಲೆ ಮಗ್ಗಲು ಬದಲಿಸಿದೆ.

"ಏ, ಕೇಳಿಸ್ತಿಲ್ಲೇನು? ಪೂಜಿಗಿ ಕುಂತೀಯೇನು?"

"ಇಲ್ಲತ್ತಿ," ಅಂದೆ. "ಮಲಗೀನಿ. ಎದ್ದ ಮ್ಯಾಲ ಬರ್ತೇನಿ."

ಅಂಗಳದಲ್ಲಿ ಅತ್ತೆ ಏನೋ ಗೊಣಗುವುದು ಕೇಳಿಸಿತು, ಮೊರ ಎತ್ತಿ ನೆಲಕ್ಕೆ ಕುಕ್ಕಿದ್ದು ಕೇಳಿಸಿತು. ಅದರ ಹಿಂದೆಯೇ ಬೇಳೆ ಎದ್ದು ಬೀಳುವ ಸರ್ ಸರ್ ಸದ್ದು. ಅದನ್ನು ಕೇಳುತ್ತ ನಿದ್ದೆ ಹೋದೆ.

ಎದ್ದು ಬಂದಾಗ ರಾಶಿ ಅರ್ಧವಾಗಿತ್ತು. ಅತ್ತೆ ಗೋಡೆಗೆ ಒರಗಿ, ಮೊರ ತೊಡೆಯ ಮೇಲಿಟ್ಟುಕೊಂಡು ಬೇರೆ ಕಡೆ ಮುಖ ಮಾಡಿ ಕೂತಿದ್ದರು. ಕೇರಿದ ಬೇಳೆಯನ್ನು ಮುಟ್ಟಿ ನೋಡಿದೆ. ಹೊಟ್ಟು ಹೋಗಿತ್ತು, ಹರಳು ಹಾಗೇ ಉಳಿದಿದ್ದವು. ಅವರಿಗೆ ಕಣ್ಣು ಅಷ್ಟು ಕಾಣುತ್ತಿರಲಿಲ್ಲ. ಎಂದಿನಿಂದಲೋ, ಯಾರಿಗೂ ಹೇಳಿರಲಿಲ್ಲ.

"ಕೊಡ್ರಿ ಅತ್ತಿ," ಎಂದು ಮೊರ ಇಸಿದುಕೊಂಡೆ. "ನೀವು ಜರಾ ಅಡ್ಡಾಗ್ರಿ."

"ಹಾಡಹಗಲೀ?" ಎಂದರು. ಆದರೆ ಎದ್ದು ಒಳಗೆ ಹೋದರು. ನಾನು ಬೆಳಕಿಗೆ ತಿರುಗಿ ಕೂತು, ಅವರು ಕೇರಿಟ್ಟ ಬೇಳೆಯಿಂದ ಹರಳು ಆರಿಸತೊಡಗಿದೆ.